ಸೊಪ್ಪಿನ ಸಾರು ಸಪ್ಪೆ, ಚಿಪ್ಸ್ ರುಚಿ: ನಾಲಿಗೆಯನ್ನು ತಿದ್ದಬಹುದಾ?

ಪ್ರಶ್ನೆ: ನನಗೆ 34 ವರ್ಷ. ಊರು ದಾವಣಗೆರೆ, ಈಗ ಬೆಂಗಳೂರಿನಲ್ಲಿ ಐಟಿ ಕೆಲಸ. ಸಂಜೆ ಐದಾದರೆ ಪಫ್ಸ್, ಚಿಪ್ಸ್, ಇಲ್ಲಾಂದ್ರೆ ಕ್ರೀಮ್ ಬಿಸ್ಕತ್ತು ಬೇಕೇ ಬೇಕು. ವಾರದಲ್ಲಿ ಮೂರ್ನಾಲ್ಕು ರಾತ್ರಿ ಊಟ ಹೊರಗಿಂದ ಬರುತ್ತದೆ. ಎರಡು ಸಲ ಸಲಾಡ್, ಓಟ್ಸ್ ಅಂತ ಶುರು ಮಾಡಿ ವಾರಕ್ಕೇ ಬಿಟ್ಟೆ. ಸೊಪ್ಪಿನ ಸಾರು ಸಪ್ಪೆ ಅನ್ನಿಸುತ್ತದೆ. ಒಳ್ಳೇದು ಯಾವುದು ಅಂತ ಗೊತ್ತು ಮೇಡಂ, ಬಾಯಿಗೆ ಹಿಡಿಸೋದಿಲ್ಲ ಅಷ್ಟೆ. ಈ ವಯಸ್ಸಿನಲ್ಲಿ ನಾಲಿಗೆ ಬದಲಾಗುತ್ತದಾ? ಐದು ವರ್ಷದ ಮಗ ಸೊಪ್ಪು ಕಂಡರೆ ತಟ್ಟೆ ದೂಡುತ್ತಾನೆ. ಅತ್ತೆಗೆ ಬಿಪಿ ಇದೆ, ಉಪ್ಪು ಕಮ್ಮಿ ಮಾಡಿದರೆ ಊಟವೇ ಬೇಡ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬದಲಾಗುತ್ತದೆ. 34 ಏನು, 64ರಲ್ಲೂ ಬದಲಾಗುತ್ತದೆ. ಆದರೆ ಒಂದು ವಾರದಲ್ಲಿ ಆಗೋ ಕೆಲಸ ಅಲ್ಲ. ಸಲಾಡ್ ಮತ್ತು ಓಟ್ಸ್‌ನಿಂದ ಶುರು ಮಾಡಿದರೆ ಬಹುಶಃ ಆಗೋದೂ ಇಲ್ಲ. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬಾಯಿಗೆ ರುಚಿಸದ್ದನ್ನು ಆರೋಗ್ಯಕ್ಕೆ ಒಳ್ಳೇದು ಅನ್ನೋ ಒಂದೇ ಕಾರಣಕ್ಕೆ ತಿಂಗಳುಗಟ್ಟಲೆ ತಿನ್ನೋಕೆ ಯಾರಿಂದಲೂ ಆಗೋದಿಲ್ಲ. ಊಟದ ಬಗ್ಗೆ ಸಲಹೆ ಕೊಡೋದೇ ಕೆಲಸವಾದ ನನ್ನಿಂದಲೂ ಆಗೋದಿಲ್ಲ.

ನೀವು ಕಾಫಿ ಕುಡಿಯುತ್ತೀರಿ ಅಂದುಕೊಳ್ಳುತ್ತೇನೆ. ಗಟ್ಟಿ ಡಿಕಾಕ್ಷನ್ ಎಷ್ಟು ಕಹಿ ಅಲ್ವಾ? ಹುಟ್ಟಿದ ಮಗುವಿನ ಬಾಯಿಗೆ ಸಿಹಿ ಮುಟ್ಟಿಸಿದರೆ ಚಪ್ಪರಿಸುತ್ತದೆ, ಕಹಿ ಮುಟ್ಟಿಸಿದರೆ ಮುಖ ಕಿವುಚುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಥ ಮಗು ದೊಡ್ಡದಾಗಿ, ಬೆಳಿಗ್ಗೆ ಕಾಫಿ ಇಲ್ಲದಿದ್ದರೆ ತಲೆನೋವು ಅನ್ನುತ್ತದೆ. ಹೇಗೆ ಕಲಿತಿರಿ ನೆನಪಿಸಿಕೊಳ್ಳಿ. ಮೊದಲು ಹಾಲು, ಸಕ್ಕರೆ ಜಾಸ್ತಿ ಹಾಕಿ ಕುಡಿದಿರಿ, ಅಂದರೆ ಕಹಿಯ ಜೊತೆಗೆ ಇಷ್ಟದ ರುಚಿ ಬಂತು. ಕುಡಿದ ಮೇಲೆ ಕೆಫೀನ್ ಚುರುಕು ಕೊಟ್ಟಿತು. ಮನೆಯಲ್ಲಿ ಎಲ್ಲರೂ ಕುಡಿಯುತ್ತಿದ್ದರು, ದಿನಾ ಸಿಗುತ್ತಿತ್ತು. ಸೊಪ್ಪು, ಕಾಳು, ರಾಗಿ ಯಾವುದನ್ನು ಇಷ್ಟಪಡಬೇಕಾದರೂ ಇದೇ ದಾರಿ. ಇಷ್ಟವಾದದ್ದರ ಜೊತೆ ಸೇರಬೇಕು, ಹೊಟ್ಟೆಗೆ ಹಿತ ಕೊಡಬೇಕು, ಮತ್ತೆ ಮತ್ತೆ ಎದುರಿಗೆ ಬರಬೇಕು. ಬರೀ ಲೆಟ್ಯೂಸ್ ಎಲೆ ಅಗಿದರೆ ಇದರಲ್ಲಿ ಒಂದೂ ಆಗೋದಿಲ್ಲ.

ಮೊದಲು ಉಪ್ಪಿನಿಂದ ಶುರು ಮಾಡಿ. ಎಲ್ಲ ರುಚಿಗಳಲ್ಲಿ ಬೇಗ ಮಾತು ಕೇಳೋದು ಉಪ್ಪಿನ ರುಚಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೋನೆಲ್ ಅಂತ ರುಚಿ, ವಾಸನೆಗಳನ್ನೇ ಅಧ್ಯಯನ ಮಾಡುವ ಸಂಸ್ಥೆ ಇದೆ. ಅಲ್ಲಿನವರು 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದಷ್ಟು ಯುವಕ ಯುವತಿಯರು ತಿಂಗಳುಗಟ್ಟಲೆ ಉಪ್ಪು ಕಮ್ಮಿ ಇರುವ ಊಟ ಮಾಡಿದರು. ಸೂಪ್‌ಗೆ, ಬಿಸ್ಕತ್ತಿಗೆ ಅವರು ಬಯಸುವ ಉಪ್ಪಿನ ಪ್ರಮಾಣವೇ ನಿಧಾನವಾಗಿ ಇಳಿಯಿತು. ಮೊದಲು ಸರಿ ಇದ್ದ ಸೂಪ್ ಆಮೇಲೆ ಉಪ್ಪುಪ್ಪು ಅನ್ನಿಸತೊಡಗಿತು. ಇದಕ್ಕೆ ಸುಮಾರು ಎರಡು ಮೂರು ತಿಂಗಳು ಬೇಕು. ನಾಲಿಗೆಯ ರುಚಿಕೋಶಗಳು ಹತ್ತು ಹದಿನೈದು ದಿನಕ್ಕೆ ಹೊಸದಾಗುತ್ತವೆ ಅಂತ ಓದಿ, ಹದಿನೈದು ದಿನದಲ್ಲಿ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುವವರು ಇದ್ದಾರೆ. ಕೋಶಗಳು ಹೊಸದಾಗೋದು ನಿಜ. ಆದರೆ ಇಷ್ಟ ಕಷ್ಟದ ಲೆಕ್ಕ ಇರೋದು ಮಿದುಳಿನಲ್ಲಿ. ಅದು ಅಷ್ಟು ಬೇಗ ಬದಲಾಗೋದಿಲ್ಲ. ಮೊದಲ ಮೂರು ವಾರ ಸಪ್ಪೆ ಅನ್ನಿಸೋದು ಸಹಜ. ನೀವು ಎರಡು ಸಲವೂ ಕೈಬಿಟ್ಟದ್ದು ಈ ಮೂರು ವಾರದ ಒಳಗೇ.

ಒಂದೇ ಸಲ ಅರ್ಧಕ್ಕೆ ಇಳಿಸಬೇಡಿ. ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಉಪ್ಪಿನ ಡಬ್ಬಿ ಊಟದ ಮೇಜಿಗೆ ಬಂದು ಕೂರುತ್ತದೆ. ಹತ್ತರಲ್ಲಿ ಒಂದು ಪಾಲು ಕಮ್ಮಿಯಾದರೆ ಹೆಚ್ಚಿನವರಿಗೆ ಗೊತ್ತೇ ಆಗೋದಿಲ್ಲ. ಬ್ರಿಟನ್‌ನಲ್ಲಿ 2003ರ ನಂತರ ಬ್ರೆಡ್ಡು, ಸಾಸು, ಸಿದ್ಧ ಊಟಗಳಲ್ಲಿ ಉಪ್ಪನ್ನು ಹೀಗೇ ಸದ್ದಿಲ್ಲದೆ, ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ದಿನಕ್ಕೆ ಒಬ್ಬರು ತಿನ್ನುವ ಉಪ್ಪು 9.5 ಗ್ರಾಂ ಇದ್ದದ್ದು 2011ರ ಹೊತ್ತಿಗೆ 8.1 ಗ್ರಾಂಗೆ ಬಂತು. ನೀವೂ ಸಾರಿಗೆ ಹಾಕುವ ಚಮಚವನ್ನು ಹದಿನೈದು ದಿನಕ್ಕೊಮ್ಮೆ ಒಂದು ಕೂದಲೆಳೆಯಷ್ಟು ಇಳಿಸುತ್ತಾ ಬನ್ನಿ. ಯಾರಿಗೂ ಹೇಳಬೇಡಿ. ‘ಇವತ್ತು ಉಪ್ಪು ಕಮ್ಮಿ ಹಾಕಿದ್ದೇನೆ’ ಅಂದ ತಕ್ಷಣ ಸಪ್ಪೆಯಾಗುತ್ತದೆ.

ಅಳತೆ ಹೇಗೆ ಅಂತೀರಾ? ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದರೆ ಸುಮಾರು ಒಂದು ಟೀ ಚಮಚ. ನಿಮ್ಮ ಮನೆಯಲ್ಲಿ ನಾಲ್ಕು ಜನ ಅಂತಿಟ್ಟುಕೊಂಡರೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಮಗ ಚಿಕ್ಕವನು, ಅವನಿಗೆ ಇನ್ನೂ ಕಮ್ಮಿ ಸಾಕು. ಉಪ್ಪಿನಕಾಯಿ, ಹಪ್ಪಳ, ಹೊರಗಿನ ಊಟದ ಉಪ್ಪು ಈ ಲೆಕ್ಕದಲ್ಲಿ ಬಂದಿಲ್ಲ ಅನ್ನೋದೂ ಗಮನದಲ್ಲಿರಲಿ. ತಿಂಗಳಿಗೇ ಪ್ಯಾಕೆಟ್ ಖಾಲಿಯಾದರೆ ನಿಮ್ಮ ಸಮಸ್ಯೆ ಬರೀ ಚಿಪ್ಸ್ ಅಲ್ಲ, ಅಡುಗೆಮನೆಯದ್ದೂ ಹೌದು. ಮನೆ ಊಟ ಅಂದಾಕ್ಷಣ ಎಲ್ಲ ಸರಿ ಅಂದುಕೊಳ್ಳುತ್ತೇವಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಪ್ಯಾಕೆಟ್ ತಿಂಡಿಯ ಮೇಲೆ ಉಪ್ಪು ಅಂತ ಬರೆದಿರೋದಿಲ್ಲ, ಸೋಡಿಯಂ ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿ. 1000 ಮಿಲಿಗ್ರಾಂ ಸೋಡಿಯಂ ಅಂದರೆ ಎರಡೂವರೆ ಗ್ರಾಂ ಉಪ್ಪು, ದಿನದ ಅರ್ಧ ಪಾಲು.

ಇನ್ನೊಂದು ಉಪಾಯ ಚಿಪ್ಸ್‌ನಿಂದಲೇ ಕಲಿಯಬಹುದು. ಚಿಪ್ಸ್‌ನ ಉಪ್ಪು ಮೇಲ್ಮೈಯಲ್ಲೇ ಇರುತ್ತದೆ, ನಾಲಿಗೆಗೆ ತಾಗಿದ ಕೂಡಲೇ ಕರಗುತ್ತದೆ. ಅದಕ್ಕೇ ಅಷ್ಟು ಜೋರಾಗಿ ಅನ್ನಿಸುತ್ತದೆ. ಪಲ್ಯ, ಕೋಸಂಬರಿ, ಉಸುಳಿಗೂ ಹೀಗೇ ಮಾಡಿ. ಬೇಯುವಾಗ ಅರ್ಧ ಹಾಕಿ, ಇಳಿಸಿದ ಮೇಲೆ ಒಂದು ಚಿಟಿಕೆ ಮೇಲಿಂದ ಉದುರಿಸಿ. ಒಟ್ಟು ಉಪ್ಪು ಕಮ್ಮಿಯಾದರೂ ಬಾಯಿಗೆ ಸರಿ ಅನ್ನಿಸುತ್ತದೆ. ಸಾರಿಗೆ ಈ ಉಪಾಯ ನಡೆಯೋದಿಲ್ಲ, ಅದರಲ್ಲಿ ಕರಗಿ ಹೋಗುತ್ತದೆ.

ಸಿಹಿ ಇಷ್ಟು ಸುಲಭವಾಗಿ ಬಗ್ಗೋದಿಲ್ಲ. ಅದೇ ಮೋನೆಲ್ ಸಂಸ್ಥೆಯವರು 2016ರಲ್ಲಿ ಸಕ್ಕರೆ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮೂರು ತಿಂಗಳು ಸಕ್ಕರೆ ಕಮ್ಮಿ ತಿಂದವರಿಗೆ ಅದೇ ಪುಡ್ಡಿಂಗ್ ಮೊದಲಿಗಿಂತ ಜಾಸ್ತಿ ಸಿಹಿ ಅನ್ನಿಸಿತು. ಇದು ಒಳ್ಳೆ ಸುದ್ದಿ. ಆದರೆ ಎಷ್ಟು ಸಿಹಿ ಇದ್ದರೆ ಇಷ್ಟ ಅನ್ನೋದು ಅಷ್ಟಾಗಿ ಬದಲಾಗಲಿಲ್ಲ. ನಿಮ್ಮಿಷ್ಟದಂತೆ ತಿನ್ನಿ ಅಂದ ಮೇಲೆ ಅವರು ಹಳೇ ಸಕ್ಕರೆಗೇ ಮರಳಿದರು. ಹಾಗಾಗಿ ಸಿಹಿಯ ಆಸೆಯೇ ಹೋಗುತ್ತದೆ ಅಂತ ನಾನು ಮಾತು ಕೊಡೋದಿಲ್ಲ. ಹೋಗೋದಿಲ್ಲ. ಸೀಬೆ, ಪಪ್ಪಾಯಿ ಮೊದಲಿಗಿಂತ ಸಿಹಿ ಅನ್ನಿಸುವ ಮಟ್ಟಿಗೆ ನಾಲಿಗೆ ಸೂಕ್ಷ್ಮವಾಗುತ್ತದೆ. ಅಷ್ಟು ಸಾಕು, ಅದನ್ನು ಉಪಯೋಗಿಸಿಕೊಳ್ಳೋಣ. ಹಣ್ಣನ್ನು ಊಟದ ಸಿಹಿಯ ನಂತರ ತಿನ್ನಬೇಡಿ. ಮೈಸೂರ್ ಪಾಕ್ ತಿಂದ ಬಾಯಿಗೆ ಬಾಳೆಹಣ್ಣೂ ಸಪ್ಪೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಬಾಯಿ ಖಾಲಿ ಇರುವಾಗ ತಿನ್ನಿ.

ಕಾಫಿಗೆ ಹಾಕುವ ಸಕ್ಕರೆಯನ್ನು ಹತ್ತು ದಿನಕ್ಕೊಮ್ಮೆ ಕಾಲು ಚಮಚ ಇಳಿಸಿ. ಎರಡು ಚಮಚದ ಕಾಫಿ ದಿನಕ್ಕೆ ಮೂರು ಲೋಟ ಕುಡಿದರೆ ಸುಮಾರು 25 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ‘ಇಷ್ಟಕ್ಕೆ ಇಳಿಸಿದರೆ ಇನ್ನೂ ಒಳ್ಳೇದು’ ಅನ್ನೋದು ಹೆಚ್ಚುಕಮ್ಮಿ ಅಷ್ಟೇ. ಕ್ರೀಮ್ ಬಿಸ್ಕತ್ತಿನ ಲೆಕ್ಕ ಶುರುವೇ ಆಗಿಲ್ಲ ಇನ್ನೂ. ಬೆಲ್ಲ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾಲಿಗೆಯ ಲೆಕ್ಕದಲ್ಲಿ ಬೆಲ್ಲ, ಜೇನು, ಸಕ್ಕರೆ ಎಲ್ಲ ಒಂದೇ. ಸಕ್ಕರೆಯಿಲ್ಲದ ಸಿಹಿ ಮಾತ್ರೆಗಳೂ ಸಿಹಿಯ ಅಭ್ಯಾಸವನ್ನು ಹಾಗೇ ಉಳಿಸುತ್ತವೆ. ತೂಕ ಇಳಿಸೋಕೆ ಅವನ್ನು ನೆಚ್ಚಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸಕ್ಕರೆ ಕಾಯಿಲೆ ಈಗಾಗಲೇ ಇರುವವರ ವಿಚಾರ ಬೇರೆ, ಆ ಸಲಹೆ ಅವರಿಗಲ್ಲ.

ಈಗ ನಿಮ್ಮ ಐದು ಗಂಟೆಯ ಪಫ್ಸ್‌ಗೆ ಬರೋಣ. ‘ಜಂಕ್ ರುಚಿ, ಒಳ್ಳೇದು ಸಪ್ಪೆ’ ಅಂತ ನೀವು ಬರೆದಿದ್ದೀರಿ. ಅದು ಪೂರ್ತಿ ನಿಜವಾ? 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಇಪ್ಪತ್ತು ಜನರನ್ನು ಅಲ್ಲೇ ಉಳಿಸಿಕೊಂಡು, ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಮನೆ ಥರದ ಸಾದಾ ಊಟ ಕೊಟ್ಟರು. ಎದುರಿಗೆ ಇಟ್ಟದ್ದರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಎರಡರಲ್ಲೂ ಹೆಚ್ಚುಕಮ್ಮಿ ಸಮ. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಕಾರ್ಖಾನೆ ತಿನಿಸಿನ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡು ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿದರು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಒಂದು ಸಂಗತಿ. ಯಾವುದು ರುಚಿ ಅಂತ ಕೇಳಿದಾಗ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಅಂಕ ಕೊಟ್ಟರು! ವ್ಯತ್ಯಾಸ ಇದ್ದದ್ದು ತಿನ್ನುವ ವೇಗದಲ್ಲಿ. ಕಾರ್ಖಾನೆ ತಿನಿಸು ಬೇಗ ಬೇಗ ಹೊಟ್ಟೆಗಿಳಿಯಿತು, ಸಾಕು ಅನ್ನೋ ಸುದ್ದಿ ಮಿದುಳಿಗೆ ತಲುಪುವ ಮೊದಲೇ.

ಪಫ್ಸ್ ಕಚ್ಚಿದಾಗ ಏನಾಗುತ್ತದೆ ನೋಡಿ. ಪದರ ಪುಡಿಯಾಗುತ್ತದೆ, ಕೊಬ್ಬು ಕರಗುತ್ತದೆ, ಮೂರು ಸಲ ಅಗಿಯುವಷ್ಟರಲ್ಲಿ ಒಳಗೆ ಹೋಗಿರುತ್ತದೆ. ಮೈದಾ ಮತ್ತು ಕೊಬ್ಬು ಎರಡೂ ಒಟ್ಟಿಗೆ ಇರುವ ತಿನಿಸನ್ನು ಮಿದುಳು ವಿಶೇಷವಾಗಿ ಬಯಸುತ್ತದೆ. ಅದು ಪ್ರಕೃತಿಯಲ್ಲಿ ಅಪರೂಪದ ಜೋಡಿ. ಜರ್ಮನಿಯ ಕಲೋನ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ವಾರ ಜನರಿಗೆ ದಿನಾ ಸ್ವಲ್ಪ ಪುಡ್ಡಿಂಗ್ ಕೊಟ್ಟರು. ಮಾಮೂಲಿ ಊಟದ ಜೊತೆಗೆ ಅದೊಂದೇ ಹೆಚ್ಚು. ಕೊಬ್ಬು, ಸಕ್ಕರೆ ಜಾಸ್ತಿ ಇದ್ದ ಪುಡ್ಡಿಂಗ್ ತಿಂದವರಿಗೆ ಕೊಬ್ಬು ಕಮ್ಮಿ ಇರುವ ತಿನಿಸಿನ ಮೇಲೆ ಇಷ್ಟ ಇಳಿಯಿತು. ಮಿದುಳಿನ ಪ್ರತಿಕ್ರಿಯೆಯೂ ಬದಲಾಗಿತ್ತು. ದಿನಕ್ಕೊಂದು ತಾನೇ ಅಂತ ಅನ್ನಿಸುವ ಆ ಪಫ್ಸ್, ರಾತ್ರಿಯ ಸೊಪ್ಪಿನ ಸಾರನ್ನು ಸಪ್ಪೆ ಮಾಡುತ್ತಿದೆ. ಹಾಗಾಗಿ ಸಾರನ್ನು ಸರಿ ಮಾಡೋದಕ್ಕಿಂತ ಮೊದಲು ಸಂಜೆಯನ್ನು ಸರಿ ಮಾಡಬೇಕು.

ಒಂದು ಗಂಟೆಗೆ ಊಟ, ಮೂರೂವರೆಗೆ ಕಾಫಿ, ಐದಕ್ಕೆ ಹೊಟ್ಟೆ ಕೂಗು. ಹಸಿದಾಗ ತಿಂದು ಹೊಟ್ಟೆ ತುಂಬಿದ ತಿನಿಸನ್ನು ದೇಹ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಅದನ್ನೇ ಕೇಳುತ್ತದೆ. ಇಷ್ಟು ವರ್ಷ ಆ ಹೊತ್ತಿಗೆ ಪಫ್ಸ್ ಸಿಕ್ಕಿದೆ, ಅದಕ್ಕೇ ಪಫ್ಸ್ ನೆನಪಾಗುತ್ತದೆ. ಈ ಹೊತ್ತನ್ನು ಕಾಳಿಗೆ ಕೊಡಿ. ನಾಲ್ಕೂವರೆಗೇ, ಆಸೆ ಏಳುವ ಮೊದಲೇ, ಒಂದು ಬಟ್ಟಲು ಕಡಲೆಕಾಳು ಉಸುಳಿ ತಿನ್ನಿ. ಇಂಗು, ಕರಿಬೇವು, ಒಣಮೆಣಸಿನ ಒಗ್ಗರಣೆ, ಮೇಲೆ ಕಾಯಿತುರಿ, ನಿಂಬೆಹುಳಿ. ಒಗ್ಗರಣೆಗೆ ಎಣ್ಣೆ ಹಾಕೋಕೆ ಜಿಪುಣತನ ಬೇಡ, ಒಂದು ಚಮಚ ಇರಲಿ. ಬೇಯಿಸಿದ ಶೇಂಗಾ ಆಗಬಹುದು, ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಆಗಬಹುದು. ಕುರುಕುರು ಬೇಕು ಅಂತ ಬಾಯಿ ಕೇಳಿದರೆ ಅದು ನ್ಯಾಯವಾದ ಬೇಡಿಕೆಯೇ. ಹುರಿಗಡಲೆ, ಹುರಿದ ಶೇಂಗಾ, ಸೌತೆಕಾಯಿ ಹೋಳು ಇದ್ದರೆ ಸಾಕು. ಹತ್ತು ಸಲ ಅಗಿಯುವ ತಿನಿಸಾಗಿರಲಿ, ಅದೇ ಮುಖ್ಯ.

ನೀವು ದಾವಣಗೆರೆಯವರು, ಮಂಡಕ್ಕಿ ಮರೆತುಬಿಟ್ಟಿರಾ? ಈರುಳ್ಳಿ, ಟೊಮೆಟೊ, ಸೌತೆ, ಕೊತ್ತಂಬರಿ, ನಿಂಬೆ ಹಾಕಿ ಕಲಸಿದ ಮಂಡಕ್ಕಿ ಸಂಜೆಗೆ ಚಿಪ್ಸ್‌ಗಿಂತ ಎಷ್ಟೋ ವಾಸಿ. ಮಂಡಕ್ಕಿ ಒಂದೇ ಆದರೆ ಹೊಟ್ಟೆಯಲ್ಲಿ ನಿಲ್ಲೋದಿಲ್ಲ, ಅದಕ್ಕೆ ಒಂದು ಹಿಡಿ ಶೇಂಗಾ, ಪುಟಾಣಿ ಸೇರಲಿ. ಅಂಗಡಿಯ ಮಂಡಕ್ಕಿಯಲ್ಲೇ ಉಪ್ಪು ಇರುತ್ತದೆ, ಮತ್ತೆ ಹಾಕಬೇಡಿ. ಜೊತೆಗೆ ಮಿರ್ಚಿ? ಭಾನುವಾರ ತಿನ್ನಿ. ಬಿಸಿಯಾಗಿ, ಕೂತು, ಫೋನ್ ಬದಿಗಿಟ್ಟು ತಿನ್ನಿ. ವಾರಕ್ಕೊಮ್ಮೆ ಎರಡು ಮಿರ್ಚಿ ತಿಂದವರ ನಾಲಿಗೆ ಕೆಡೋದಿಲ್ಲ. ಪ್ರತಿದಿನ ಮೇಜಿನ ಡ್ರಾಯರ್‌ನಲ್ಲಿರುವ ಪ್ಯಾಕೆಟ್ ಕೆಡಿಸುತ್ತದೆ. ಆ ಡ್ರಾಯರ್ ಇವತ್ತೇ ಖಾಲಿ ಮಾಡಿ. ಬೇಕಾದರೆ ಎದ್ದು ಹೋಗಿ ತರಬೇಕು ಅನ್ನುವಷ್ಟು ದೂರ ಇದ್ದರೆ ಅರ್ಧ ಆಸೆ ಅಲ್ಲೇ ಹೋಗುತ್ತದೆ.

ಸೊಪ್ಪಿನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ನನ್ನ ಹತ್ತಿರ ಬರುವವರಲ್ಲಿ ಬಹಳಷ್ಟು ಜನ ಎಡವೋದು ಇಲ್ಲೇ. ಆರೋಗ್ಯ ಅಂದ ಕೂಡಲೇ ಎಣ್ಣೆ ಬೇಡ, ಕಾಯಿ ಬೇಡ, ಉಪ್ಪು ಬೇಡ ಅಂತ ಸುಮ್ನೆ ಬೇಯಿಸಿ ತಟ್ಟೆಗೆ ಹಾಕುತ್ತಾರೆ. ಪಾಪ, ಆ ಸೊಪ್ಪಿಗೆ ಗೆಲ್ಲುವ ಅವಕಾಶವೇ ಇಲ್ಲ.

ಸೊಪ್ಪಿನ ಕಹಿಯನ್ನು ಇಳಿಸೋದು ಏನು? ಉಪ್ಪು, ಹುಳಿ, ಕೊಬ್ಬು, ಸ್ವಲ್ಪ ಸಿಹಿ. ಉಪ್ಪು ಕಹಿಯನ್ನು ನೇರವಾಗಿ ಅಡಗಿಸುತ್ತದೆ, ಇದು ಪ್ರಯೋಗಶಾಲೆಯಲ್ಲೂ ಕಂಡುಬಂದಿದೆ. ಹಾಗಲಕಾಯಿ ಗೊಜ್ಜು ಮಾಡುವವರಿಗೆ ಇದು ಯಾವಾಗಿನಿಂದಲೂ ಗೊತ್ತು. ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಇಟ್ಟು ಹಿಂಡುತ್ತಾರೆ, ಆಮೇಲೆ ಹುಣಸೆಹುಳಿ, ಬೆಲ್ಲ, ಎಳ್ಳು, ಕೊಬ್ಬರಿ. ಕಹಿ ಇರುತ್ತದೆ, ಆದರೆ ಒಂಟಿಯಾಗಿ ಇರೋದಿಲ್ಲ. ಉಪ್ಪು ಕಮ್ಮಿ ಮಾಡಿ ಅಂತ ಹೇಳಿದವರೇ ಈಗ ಉಪ್ಪು ಹಾಕಿ ಅನ್ನುತ್ತಿದ್ದಾರಲ್ಲ ಅಂದುಕೊಳ್ಳಬೇಡಿ. ಚಿಪ್ಸ್, ಹಪ್ಪಳದಲ್ಲಿ ಉಳಿಸಿದ ಉಪ್ಪಿನಲ್ಲಿ ಒಂದು ಚಿಟಿಕೆ ಸೊಪ್ಪಿಗೆ ಖರ್ಚು ಮಾಡಿದರೆ ಅದು ಲಾಭವೇ.

ನಿಮ್ಮ ಸಲಾಡ್ ಸೋತ ಜಾಗದಲ್ಲಿ ನಿಮ್ಮ ಕಡೆಯ ಮೆಂತ್ಯದ ಪಚಡಿ ಗೆಲ್ಲಬಹುದು. ಎಳೆ ಮೆಂತ್ಯ ಸೊಪ್ಪು ಸಣ್ಣಗೆ ಹೆಚ್ಚಿ. ಈರುಳ್ಳಿ, ಸೌತೆ ಸೇರಿಸಿ. ಶೇಂಗಾ ಚಟ್ನಿಪುಡಿ ಅಥವಾ ಗುರೆಳ್ಳು ಪುಡಿ ಒಂದು ಚಮಚ, ಗಟ್ಟಿ ಮೊಸರು, ಮೇಲೆ ಸ್ವಲ್ಪ ಎಣ್ಣೆ. ಜೋಳದ ರೊಟ್ಟಿ ಜೊತೆ ತಿನ್ನಿ. ಇದೂ ಹಸಿ ಸೊಪ್ಪೇ, ಇದೂ ಸಲಾಡೇ. ಆದರೆ ಇಷ್ಟವಾದ ಶೇಂಗಾ ಪುಡಿಯ ಕೈ ಹಿಡಿದು ಬಂದಿದೆ. ಮೊದಲ ವಾರ ಮೆಂತ್ಯ ಕಾಲು ಪಾಲು, ಸೌತೆ ಈರುಳ್ಳಿ ಮುಕ್ಕಾಲು. ತಿಂಗಳು ಕಳೆಯೋ ಹೊತ್ತಿಗೆ ಅರ್ಧರ್ಧ ಮಾಡಿ. ಹಸಿ ತಿನ್ನುವುದಾದರೆ ಸೊಪ್ಪನ್ನು ನಾಲ್ಕೈದು ನೀರಲ್ಲಿ ತೊಳೆಯೋದು ಮರೆಯಬೇಡಿ, ಬೆಂಗಳೂರಿನ ಸೊಪ್ಪಲ್ಲವೇ.

ಸಾರು ಸಪ್ಪೆ ಅನ್ನಿಸಿದರೆ ಬಸ್ಸಾರು ಮಾಡಿ ನೋಡಿ. ದಂಟಿನ ಸೊಪ್ಪು, ಅವರೆಕಾಳೋ ಅಲಸಂದೆಯೋ ಬೇಯಿಸಿ ನೀರು ಬಸಿಯಿರಿ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಕಾಯಿ, ಒಂದು ಹಿಡಿ ಬೆಂದ ಕಾಳನ್ನೇ ಸೇರಿಸಿ ರುಬ್ಬಿದ ಖಾರ ಹಾಕಿ ಕುದಿಸಿ. ಉಳಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಈರುಳ್ಳಿ, ಬೆಳ್ಳುಳ್ಳಿಯನ್ನು ಹಸಿ ವಾಸನೆ ಹೋಗುವಷ್ಟಲ್ಲ, ಅಂಚು ಕಂದುವಷ್ಟು ಹುರಿಯಬೇಕು. ಬಹಳಷ್ಟು ಮನೆಗಳಲ್ಲಿ ಸಾರು ಸಪ್ಪೆಯಾಗೋದು ಇಲ್ಲಿ ಆತುರಪಟ್ಟು. ಆ ಕಂದು ಬಣ್ಣದಲ್ಲೇ ರುಚಿ ಇರೋದು, ಬೇಕರಿ ತಿನಿಸು ನಿಮ್ಮನ್ನು ಎಳೆಯೋದೂ ಅದೇ ಪರಿಮಳದಿಂದ.

ಕೆಲವರಿಗೆ ಎಲೆಕೋಸು, ಮೂಲಂಗಿ ಜಾತಿಯ ತರಕಾರಿ ನಿಜವಾಗಲೂ ಬೇರೆಯವರಿಗಿಂತ ಕಹಿ. ಇದು ಹುಟ್ಟಿನಿಂದ ಬಂದದ್ದು. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನೋ ರಸಾಯನ ತಜ್ಞರ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದವರು ಕಹಿ ಕಹಿ ಅಂದರು, ಫಾಕ್ಸ್ ಅವರಿಗೆ ಮಾತ್ರ ಯಾವ ರುಚಿಯೂ ಗೊತ್ತಾಗಲಿಲ್ಲ. ಹೀಗೆ ಈ ವ್ಯತ್ಯಾಸ ಗೊತ್ತಾಯಿತು. ನಿಮಗೆ ಆ ಜಾತಿ ಆಗದಿದ್ದರೆ ಬಿಡಿ. ಹರಿವೆ, ದಂಟು, ಪಾಲಕ್, ನುಗ್ಗೆ ಅಂತ ಸೊಪ್ಪಿಗೇನು ಬರವಾ? ಎಲ್ಲವನ್ನೂ ಇಷ್ಟಪಡಲೇಬೇಕು ಅಂತ ಯಾರೂ ಕೋರ್ಟಿಗೆ ಹಾಕೋದಿಲ್ಲ.

ರಾತ್ರಿ ಹೊರಗಿನ ಊಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅದು ನಾಲಿಗೆಯ ಸಮಸ್ಯೆಗಿಂತ ಸುಸ್ತಿನ ಸಮಸ್ಯೆ. ಫ್ರಿಡ್ಜ್‌ನಲ್ಲಿ ದೋಸೆ ಹಿಟ್ಟು, ಬೇಯಿಸಿದ ಕಾಳು, ಒಂದು ಡಬ್ಬಿ ರುಬ್ಬಿದ ಖಾರ ಇದ್ದರೆ, ಆ್ಯಪ್‌ನಲ್ಲಿ ಹುಡುಕಿ ಆರ್ಡರ್ ಮಾಡಿ ಕಾಯುವಷ್ಟರಲ್ಲಿ ಊಟ ಮುಗಿದಿರುತ್ತದೆ. ಮೂರ್ನಾಲ್ಕು ರಾತ್ರಿಯನ್ನು ಒಂದಕ್ಕೆ ತನ್ನಿ, ಆ ಒಂದು ದಿನ ಇಷ್ಟವಾದದ್ದನ್ನೇ ತರಿಸಿ. ಗೋಬಿ ಮಂಚೂರಿ ತರಿಸುವುದಾದರೆ ಕೆಂಪಗೆ ಹೊಳೆಯುವುದು ಬೇಡ. ಅದಕ್ಕೆ ಕೃತಕ ಬಣ್ಣ ಹಾಕೋದನ್ನು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ.

ಮಗನ ವಿಚಾರ. ಎರಡರಿಂದ ಆರು ವರ್ಷದವರೆಗೆ ಮಕ್ಕಳು ಹೊಸ ತಿನಿಸು ಕಂಡರೆ ಹಿಂಜರಿಯೋದು ಸಾಮಾನ್ಯ. ಒಂದೇ ಸೊಪ್ಪನ್ನು ಎಂಟರಿಂದ ಹದಿನೈದು ಸಲ ರುಚಿ ನೋಡಿದ ಮೇಲೆ ಬಹಳಷ್ಟು ಮಕ್ಕಳು ಒಪ್ಪಿಕೊಳ್ಳುತ್ತವೆ. ಹೆಚ್ಚಿನ ತಾಯಂದಿರು ಮೂರ್ನಾಲ್ಕು ಸಲಕ್ಕೇ ‘ಇವನಿಗೆ ಇದು ಆಗಲ್ಲ’ ಅಂತ ತೀರ್ಮಾನ ಮಾಡಿಬಿಡುತ್ತಾರೆ. ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಪಲ್ಯ ಹಾಕಿ, ಸುಮ್ಮನಿರಿ. ತಿಂದರೆ ಹೊಗಳಿ ಕುಣಿಯಬೇಡಿ, ಬಿಟ್ಟರೆ ಬೈಯಬೇಡಿ. ‘ಸೊಪ್ಪು ತಿಂದರೆ ಚಾಕಲೇಟ್ ಕೊಡ್ತೀನಿ’ ಅನ್ನೋದನ್ನು ಮೊದಲು ನಿಲ್ಲಿಸಿ. ಲಂಚ ಕೊಟ್ಟು ತಿನ್ನಿಸಿದ ತಿನಿಸಿನ ಮೇಲೆ ಮಕ್ಕಳ ಇಷ್ಟ ಆಮೇಲೆ ಕಮ್ಮಿಯಾಗಿರೋದನ್ನು 1980ರ ದಶಕದಲ್ಲಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಮಗು ಲೆಕ್ಕ ಹಾಕೋದು ಸರಿಯಾಗೇ ಇದೆ: ಲಂಚ ಕೊಡುತ್ತಾರೆ ಅಂದರೆ ಇದು ಕೆಟ್ಟದ್ದೇ ಇರಬೇಕು! ಸಬ್ಬಸಿಗೆ ಸೊಪ್ಪು ಹಾಕಿದ ರಾಗಿ ರೊಟ್ಟಿ, ಪಾಲಕ್ ಕಲಸಿದ ಚಪಾತಿ ಕೊಡಿ, ತೊಂದರೆಯಿಲ್ಲ. ಆದರೆ ಒಳಗೆ ಸೊಪ್ಪಿದೆ ಅಂತ ಬಚ್ಚಿಡಬೇಡಿ, ಬಿಡಿಸುವಾಗ ಅವನನ್ನೂ ಕೂರಿಸಿಕೊಳ್ಳಿ. ಮತ್ತೆ, ಅವನ ಮುಂದೆ ನೀವೇ ಮುಖ ಕಿವುಚಿಕೊಂಡು ತಿಂದರೆ ಯಾವ ಉಪಾಯವೂ ನಡೆಯೋದಿಲ್ಲ.

ಕೊನೆಗೆ ಅತ್ತೆಯವರು. ವಯಸ್ಸಾದಂತೆ ನಾಲಿಗೆಗಿಂತ ಜಾಸ್ತಿ ಮಂಕಾಗೋದು ಮೂಗು. ನಾವು ರುಚಿ ಅನ್ನೋದರಲ್ಲಿ ದೊಡ್ಡ ಪಾಲು ವಾಸನೆಯೇ. ಮೂಗು ಗಟ್ಟಿಯಾಗಿ ಹಿಡಿದುಕೊಂಡು ಏಲಕ್ಕಿ ಜಗಿಯಿರಿ, ಏಲಕ್ಕಿ ಅಂತಲೇ ಗೊತ್ತಾಗೋದಿಲ್ಲ. ಮೂಗು ಬಿಟ್ಟ ಕ್ಷಣ ಘಮ್ ಅನ್ನುತ್ತದೆ. ಅವರಿಗೆ ಊಟ ಸಪ್ಪೆ ಅನ್ನಿಸಲು ಉಪ್ಪಿನಷ್ಟೇ ಪರಿಮಳದ ಕೊರತೆಯೂ ಕಾರಣ ಇರಬಹುದು. ಅವರ ತಟ್ಟೆಯ ಸಾರಿಗೆ ಬಡಿಸುವ ಮುಂಚೆ ಬಿಸಿ ಬಿಸಿ ಒಗ್ಗರಣೆ ಹಾಕಿ: ತುಪ್ಪ ಅರ್ಧ ಚಮಚ, ಇಂಗು, ಕರಿಬೇವು, ಬೆಳ್ಳುಳ್ಳಿ. ಸಾರಿನ ಪುಡಿ ಆಗಾಗ ಹೊಸದಾಗಿ, ಸ್ವಲ್ಪ ಸ್ವಲ್ಪವೇ ಹುರಿದು ಮಾಡಿ. ನಿಂಬೆಹುಳಿ ಇದ್ದರೆ ಉಪ್ಪು ಕಮ್ಮಿ ಇರೋದು ಅಷ್ಟಾಗಿ ತಿಳಿಯೋದಿಲ್ಲ. ಊಟ ಬಿಸಿಯಾಗಿರಲಿ, ಆರಿದ ಊಟಕ್ಕೆ ವಾಸನೆ ಏಳೋದಿಲ್ಲ. ಉಪ್ಪಿನಕಾಯಿ ಪೂರ್ತಿ ಕಿತ್ತುಕೊಳ್ಳಬೇಡಿ, ಪಾಪ. ಬೆರಳ ತುದಿಯಷ್ಟು ಇರಲಿ, ಅದಕ್ಕೆ ತಕ್ಕಂತೆ ಸಾರಿನ ಉಪ್ಪು ಇಳಿಸಿ.

ಅಂಗಡಿಯಲ್ಲಿ ‘ಲೋ ಸೋಡಿಯಂ’ ಅಂತ ಸಿಗುವ ಉಪ್ಪನ್ನು ಅವರಿಗೆ ನೀವಾಗಿಯೇ ಶುರು ಮಾಡಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಅಪಾಯವಾಗಬಹುದು. ಯಾವ ಮಾತ್ರೆ ನುಂಗುತ್ತಿದ್ದಾರೆ ಅಂತ ಚೀಟಿ ತೋರಿಸಿ ವೈದ್ಯರನ್ನು ಕೇಳಿ. ಹಾಗೇ, ಅವರಿಗೆ ಇತ್ತೀಚೆಗೆ ಇದ್ದಕ್ಕಿದ್ದಂತೆ ಎಲ್ಲವೂ ರುಚಿ ಕೆಟ್ಟಿದ್ದರೆ, ಬಾಯಲ್ಲಿ ಲೋಹದ ರುಚಿ ಬರುತ್ತಿದ್ದರೆ, ಊಟ ಸೇರದೆ ತೂಕ ಇಳಿಯುತ್ತಿದ್ದರೆ ಅದನ್ನೂ ಹೇಳಿ. ಕೆಲವು ಮಾತ್ರೆಗಳಿಂದ, ಜಿಂಕ್ ಕೊರತೆಯಿಂದ, ಹಲ್ಲು ವಸಡಿನ ತೊಂದರೆಯಿಂದ ಹೀಗಾಗುತ್ತದೆ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರಂತೂ ರುಚಿ ಮಂಕಾಗಿರೋದು ಆಶ್ಚರ್ಯವಲ್ಲ. ಅಡುಗೆಯಲ್ಲಿ ಎಷ್ಟು ಕಸರತ್ತು ಮಾಡಿದರೂ ಅದು ಸರಿಹೋಗೋದಿಲ್ಲ. ಮುಂದಿನ ಸಲ ಬಿಪಿ ತೋರಿಸೋಕೆ ಹೋದಾಗ ಬಾಯಿಯನ್ನೂ ಒಮ್ಮೆ ನೋಡಿಸಿಕೊಂಡು ಬನ್ನಿ.